ಆಡಿಟರ್‌ಗಳ ಮೇಲೆ ಯಾರ ಕಣ್ಣು? ಒಂದು ಬ್ಯಾಂಕ್ ಪತ್ರ ಹಿಡಿದು ದೇಶಗಳ ಹೋಲಿಕೆ

ಕಂಪನಿಯ ಖಾತೆಯಲ್ಲಿ ಇಂತಿಷ್ಟು ಹಣ ಇದೆ ಎಂದು ಬ್ಯಾಂಕ್ ಬರೆದುಕೊಡುವ ಪತ್ರವೊಂದಿದೆ. ಲೆಕ್ಕಪರಿಶೋಧನೆಯಲ್ಲಿ ಇದಕ್ಕಿಂತ ಸರಳವಾದ ಪುರಾವೆ ಸಿಗುವುದು ಕಷ್ಟ. ಪತ್ರವನ್ನು ಆಡಿಟರ್ ತಾನೇ ಸಿದ್ಧಪಡಿಸಬೇಕು, ಬ್ಯಾಂಕಿನ ವಿಳಾಸವನ್ನು ಕಂಪನಿ ಹೇಳಿದಂತೆ ಬರೆದುಕೊಳ್ಳದೆ ಬೇರೆ ಕಡೆಯಿಂದ ತಾಳೆ ನೋಡಬೇಕು, ತಾನೇ ಕಳಿಸಬೇಕು, ಉತ್ತರ ನೇರವಾಗಿ ತನ್ನ ಕಚೇರಿಗೆ ಬರಬೇಕು. ಈ ನಾಲ್ಕರಲ್ಲಿ ಒಂದು ತಪ್ಪಿದರೂ ಅದು ಬರೀ ಕಾಗದ. ತಪ್ಪುವ ಬಗೆಯೂ ತೀರಾ ಮಾಮೂಲಿನದು. ವರದಿಗೆ ಸಹಿ ಬೀಳಲು ಮೂರು ದಿನ ಉಳಿದಿರುತ್ತದೆ, ‘ಬ್ಯಾಂಕಿನವರು ನಮಗೆ ಗೊತ್ತು, ನಾವೇ ತರಿಸಿಕೊಡ್ತೀವಿ ಸಾರ್’ ಎಂದು ಕಂಪನಿಯ ಹಣಕಾಸು ವಿಭಾಗದವರು ಹೇಳುತ್ತಾರೆ, ಆಡಿಟ್ ತಂಡದ ಕಿರಿಯರು ತಲೆಯಾಡಿಸುತ್ತಾರೆ.

2003ರ ಡಿಸೆಂಬರ್‌ನಲ್ಲಿ ಇಟಲಿಯ ಹಾಲು–ಆಹಾರ ಕಂಪನಿ ಪರ್ಮಲಾಟ್ ಕುಸಿದದ್ದು ಇಂಥದೇ ಪತ್ರದಿಂದ. ಕೇಮನ್ ದ್ವೀಪದ ಅಂಗಸಂಸ್ಥೆಯ ಹೆಸರಿನಲ್ಲಿ 395 ಕೋಟಿ ಯೂರೋ ಇದೆ ಎಂದು ತೋರಿಸಿದ್ದ ಬ್ಯಾಂಕ್ ಆಫ್ ಅಮೆರಿಕಾ ಪತ್ರ ನಕಲಿ ಎಂದು ಆ ಬ್ಯಾಂಕೇ ಹೇಳಿತು. 2009ರ ಜನವರಿ 7ರಂದು ಸತ್ಯಂ ಕಂಪ್ಯೂಟರ್ಸ್‌ನ ಅಧ್ಯಕ್ಷರು ತಪ್ಪೊಪ್ಪಿಗೆ ಬರೆದಾಗ, ಪುಸ್ತಕದಲ್ಲಿದ್ದ 5,361 ಕೋಟಿ ರೂಪಾಯಿ ನಗದು–ಬ್ಯಾಂಕ್ ಬಾಕಿಯಲ್ಲಿ 5,040 ಕೋಟಿ ಇಲ್ಲವೇ ಇಲ್ಲ ಎಂದಾಯಿತು. 2020ರ ಜೂನ್‌ನಲ್ಲಿ ಜರ್ಮನಿಯ ಹಣಪಾವತಿ ಕಂಪನಿ ವೈರ್‌ಕಾರ್ಡ್‌ನ 190 ಕೋಟಿ ಯೂರೋ ಫಿಲಿಪೀನ್ಸ್‌ನ ಎರಡು ಬ್ಯಾಂಕುಗಳಲ್ಲಿ ಟ್ರಸ್ಟಿಯೊಬ್ಬರ ಸುಪರ್ದಿಯಲ್ಲಿದೆ ಎಂಬ ದಾಖಲೆಗಳನ್ನು ಆ ಬ್ಯಾಂಕುಗಳು ನಕಲಿ ಎಂದವು. ಹದಿನೇಳು ವರ್ಷ, ಮೂರು ದೇಶ, ಮೂರು ಬೇರೆ ಬೇರೆ ಕಾವಲು ವ್ಯವಸ್ಥೆ. ತಪ್ಪು ಮಾತ್ರ ಒಂದೇ.

ವಿದೇಶಿ ಕಂಪನಿಯ ಷೇರು ಕೊಳ್ಳುವವರಿಗೂ, ಕಂಪನಿ ಮಂಡಳಿಯ ಆಡಿಟ್ ಸಮಿತಿಯಲ್ಲಿ ಕೂತವರಿಗೂ, ನಿಯಮ ರೂಪಿಸುವವರಿಗೂ ಇಲ್ಲಿ ಬೇಕಾದ ಪ್ರಶ್ನೆ ಒಂದೇ. ಆ ಪತ್ರದ ವಿಷಯದಲ್ಲಿ ಆಡಿಟರ್ ಎಡವಿದ್ದರೆ, ಕಂಪನಿ ಮುಳುಗುವ ಮೊದಲು ಅದನ್ನು ಯಾರು ಕಾಣುತ್ತಾರೆ? ಕಂಡವರು ಯಾರಿಗೆ ಹೇಳುತ್ತಾರೆ? ‘ಸ್ವತಂತ್ರ ನಿಯಂತ್ರಕ’ ಎಂಬ ಬೋರ್ಡು ಈಗ ಹೆಚ್ಚುಕಡಿಮೆ ಎಲ್ಲ ದೊಡ್ಡ ಮಾರುಕಟ್ಟೆಗಳಲ್ಲೂ ತೂಗುತ್ತಿದೆ. ಬೋರ್ಡು ನೋಡಿ ಆರಿಸಿದರೆ ಮೋಸ ಹೋಗುತ್ತೀರಿ.

ಕಾವಲಿನ ನಾಲ್ಕು ಬಗೆ

ಮೊದಲನೆಯದು, ವೃತ್ತಿಯವರೇ ತಮ್ಮವರನ್ನು ನೋಡಿಕೊಳ್ಳುವುದು. 2002ರವರೆಗೆ ಅಮೆರಿಕದಲ್ಲಿ ಒಂದು ಆಡಿಟ್ ಸಂಸ್ಥೆಯ ಕೆಲಸವನ್ನು ಇನ್ನೊಂದು ಆಡಿಟ್ ಸಂಸ್ಥೆ ಪರಿಶೀಲಿಸುತ್ತಿತ್ತು. ಕೆಲಸದ ಒಳಮರ್ಮ ಬಲ್ಲವರೇ ನೋಡುತ್ತಾರೆ, ಖರ್ಚು ಕಡಿಮೆ. ಆದರೆ ನಾಳೆ ತನ್ನ ಫೈಲು ತೆರೆಯಬಹುದಾದವರ ಮೇಲೆ ಇಂದು ಕಟುವಾಗಿ ಬರೆಯುವವರು ಕಮ್ಮಿ. ಎನ್ರಾನ್ ಮತ್ತು ವರ್ಲ್ಡ್‌ಕಾಂ ಹಗರಣಗಳ ನಂತರ ಲಿಸ್ಟೆಡ್ (ಷೇರುಪೇಟೆಯಲ್ಲಿ ಷೇರು ವ್ಯಾಪಾರವಾಗುವ) ಕಂಪನಿಗಳ ಮಟ್ಟಿಗೆ ಈ ಮಾದರಿಗೆ ಮರ್ಯಾದೆ ಉಳಿಯಲಿಲ್ಲ. ಸಣ್ಣ ಕಂಪನಿಗಳ ಆಡಿಟ್‌ಗೆ ಮಾತ್ರ ಹಲವು ದೇಶಗಳಲ್ಲಿ ಇಂದಿಗೂ ಇದೇ ಇದೆ, ಅಲ್ಲಿಗೆ ಇದು ಸಾಲುತ್ತದೆ ಕೂಡ.

ಎರಡನೆಯದು ನೇರ ಕಾವಲು. 2002ರ ಸರ್ಬೇನ್ಸ್–ಆಕ್ಸ್‌ಲಿ ಕಾಯ್ದೆಯಿಂದ ಹುಟ್ಟಿದ ಅಮೆರಿಕದ ಆಡಿಟ್ ನಿಯಂತ್ರಕ ಮಂಡಳಿ ಪಿಸಿಎಒಬಿ ಇದರ ಮಾದರಿ. ಐದು ಸದಸ್ಯರನ್ನು ಷೇರುಪೇಟೆ ಆಯೋಗ ಎಸ್‌ಇಸಿ ನೇಮಿಸುತ್ತದೆ. ಅವರಲ್ಲಿ ಇಬ್ಬರು, ಇಬ್ಬರೇ, ಲೆಕ್ಕಪರಿಶೋಧಕ ವೃತ್ತಿಯವರಿರಬೇಕು. ವೃತ್ತಿಯ ಜ್ಞಾನ ಬೇಕು, ವೃತ್ತಿಯ ಬಹುಮತ ಬೇಡ ಎಂಬ ಲೆಕ್ಕಾಚಾರ ಕಾಯ್ದೆಯ ಆ ಒಂದು ಸಾಲಿನಲ್ಲಿದೆ. ಸಂಸ್ಥೆಗಳ ನೋಂದಣಿ, ಆಡಿಟ್ ಮಾನದಂಡ, ತಪಾಸಣೆ, ದಂಡ ನಾಲ್ಕೂ ಒಂದೇ ಮನೆಯಲ್ಲಿ.

ಮೂರನೆಯದು ಎರಡು ಅಂತಸ್ತಿನದು. ಜಪಾನಿನಲ್ಲಿ ಲೆಕ್ಕಪರಿಶೋಧಕರ ಸಂಘ ತನ್ನ ಸದಸ್ಯರ ಗುಣಮಟ್ಟ ಪರಿಶೀಲಿಸುತ್ತದೆ. 2004ರಲ್ಲಿ ಬಂದ ಮೇಲ್ವಿಚಾರಣಾ ಮಂಡಳಿ ಆ ಪರಿಶೀಲನೆಯನ್ನೇ ಪರಿಶೀಲಿಸುತ್ತದೆ, ಬೇಕೆನಿಸಿದರೆ ತಾನೇ ಸಂಸ್ಥೆಯೊಳಗೆ ಹೋಗಿ ನೋಡುತ್ತದೆ, ಕ್ರಮ ಕೈಗೊಳ್ಳಿ ಎಂದು ಹಣಕಾಸು ಸೇವಾ ಸಂಸ್ಥೆಗೆ ಶಿಫಾರಸು ಮಾಡುತ್ತದೆ. ಬ್ರಿಟನ್ನಿನ ನಿಯಂತ್ರಕ ಎಫ್‌ಆರ್‌ಸಿ ಲಿಸ್ಟೆಡ್ ಕಂಪನಿ, ಬ್ಯಾಂಕ್, ವಿಮಾ ಕಂಪನಿಗಳ ಆಡಿಟ್‌ಗಳನ್ನು ತಾನೇ ನೋಡಿ, ಉಳಿದವನ್ನು ಮಾನ್ಯತೆ ಪಡೆದ ವೃತ್ತಿ ಸಂಸ್ಥೆಗಳಿಗೆ ಬಿಡುತ್ತದೆ. ಭಾರತವೂ ಈ ಗುಂಪಿಗೇ ಸೇರುತ್ತದೆ. 2018ರ ಅಕ್ಟೋಬರ್‌ನಲ್ಲಿ ಸ್ಥಾಪನೆಯಾದ ಆಡಿಟ್ ನಿಯಂತ್ರಕ ಎನ್‌ಎಫ್‌ಆರ್‌ಎ (ರಾಷ್ಟ್ರೀಯ ಹಣಕಾಸು ವರದಿ ಪ್ರಾಧಿಕಾರ) ವ್ಯಾಪ್ತಿಗೆ ಲಿಸ್ಟೆಡ್ ಕಂಪನಿಗಳು ಬರುತ್ತವೆ. ಲಿಸ್ಟ್ ಆಗದ ಪಬ್ಲಿಕ್ ಕಂಪನಿಯಾದರೆ ಪಾವತಿಯಾದ ಬಂಡವಾಳ 500 ಕೋಟಿ, ಇಲ್ಲವೇ ವಹಿವಾಟು 1,000 ಕೋಟಿ, ಇಲ್ಲವೇ ಸಾಲ–ಠೇವಣಿ 500 ಕೋಟಿ ರೂಪಾಯಿ ಮುಟ್ಟಿರಬೇಕು. ಬ್ಯಾಂಕಿಂಗ್, ವಿಮೆ, ವಿದ್ಯುತ್ ಕಂಪನಿಗಳೂ ಇದರಡಿ ಇವೆ. ಮಿಕ್ಕವು 1949ರ ಕಾಯ್ದೆಯಡಿ ನಡೆಯುವ, ಚಾರ್ಟರ್ಡ್ ಅಕೌಂಟೆಂಟ್‌ಗಳ ವೃತ್ತಿ ಸಂಸ್ಥೆ ಐಸಿಎಐ ಕೈಯಲ್ಲಿ.

ನಾಲ್ಕನೆಯದು ಸರ್ಕಾರದ ನೇರ ಹಿಡಿತ. ಚೀನಾದಲ್ಲಿ ಹಣಕಾಸು ಸಚಿವಾಲಯ ಮತ್ತು ಷೇರುಪೇಟೆ ಆಯೋಗವೇ ಕತ್ತಿ ಹಿಡಿದಿವೆ. ವೇಗ ಇದರ ಬಲ. ತೀರ್ಮಾನ ಯಾಕೆ, ಹೇಗೆ ಆಯಿತೆಂಬುದು ಹೊರಗಿನವರಿಗೆ ಕಾಣದಿರುವುದು ದೌರ್ಬಲ್ಯ.

ಎರಡಂತಸ್ತಿನ ಮಾದರಿಯಲ್ಲಿ ಎಡವಟ್ಟಾಗುವುದು ಬಹುಪಾಲು ಮೆಟ್ಟಿಲಲ್ಲಿ. ಯಾರ ವ್ಯಾಪ್ತಿ ಎಲ್ಲಿಗೆ ಮುಗಿಯುತ್ತದೆ ಎಂಬುದು ಸ್ಪಷ್ಟವಿಲ್ಲದಿದ್ದರೆ ಫೈಲು ಅಲ್ಲಿಗಿಲ್ಲಿಗೆ ಓಡಾಡುತ್ತದೆ. ಸತ್ಯಂ ಪ್ರಕರಣದಲ್ಲಿ ಷೇರುಪೇಟೆ ನಿಯಂತ್ರಕ ಸೆಬಿ, ಸತ್ಯಂನ ಆಡಿಟ್ ಮಾಡಿದ್ದ ಪ್ರೈಸ್ ವಾಟರ್‌ಹೌಸ್ ಜಾಲದ ಸಂಸ್ಥೆಗಳು ಎರಡು ವರ್ಷ ಲಿಸ್ಟೆಡ್ ಕಂಪನಿಗಳ ಆಡಿಟ್ ಮಾಡಕೂಡದು ಎಂದು ಆದೇಶಿಸಿದ್ದು 2018ರ ಜನವರಿಯಲ್ಲಿ, ಹಗರಣ ಬಯಲಾಗಿ ಒಂಬತ್ತು ವರ್ಷದ ನಂತರ. 2019ರಲ್ಲಿ ಮೇಲ್ಮನವಿ ನ್ಯಾಯಮಂಡಳಿ ಆ ನಿಷೇಧವನ್ನು ರದ್ದು ಮಾಡಿತು. ಆಡಿಟ್ ಗುಣಮಟ್ಟ ನೋಡಿ ಶಿಕ್ಷೆ ಕೊಡುವುದು ಸೆಬಿಯ ಕೆಲಸವಲ್ಲ ಎಂಬುದು ಅದರ ನಿಲುವು. ಅಷ್ಟರಲ್ಲಿ, 2011ರ ಏಪ್ರಿಲ್‌ನಲ್ಲೇ, ಅದೇ ಜಾಲದ ಭಾರತೀಯ ಸಂಸ್ಥೆಗಳು ಅಮೆರಿಕದ ಎಸ್‌ಇಸಿಗೆ 60 ಲಕ್ಷ ಡಾಲರ್, ಪಿಸಿಎಒಬಿಗೆ 15 ಲಕ್ಷ ಡಾಲರ್ ತೆತ್ತಿದ್ದವು. ಆರೋಪದ ತಿರುಳು ಇದೇ ಪತ್ರ: ಬ್ಯಾಂಕ್ ದೃಢೀಕರಣ ಕಳಿಸುವುದನ್ನೂ ಪಡೆಯುವುದನ್ನೂ ಕಂಪನಿಯವರ ಕೈಗೇ ಬಿಟ್ಟಿದ್ದರು ಎಂಬುದು.

ಫೈಲು ಯಾರು ತೆರೆಯುತ್ತಾರೆ, ಎಷ್ಟು ವರ್ಷಕ್ಕೊಮ್ಮೆ

ಕಾವಲಿನ ನಿಜವಾದ ಕೆಲಸ ನಡೆಯುವುದು ತಪಾಸಣೆಯಲ್ಲಿ. ಕಾನೂನು ಪುಸ್ತಕದಲ್ಲಿ ಎಷ್ಟೇ ಇದ್ದರೂ ಮುಗಿದ ಆಡಿಟ್‌ನ ಫೈಲನ್ನು ಮೂರನೆಯವರು ತೆರೆದು ಹಾಳೆ ಹಾಳೆ ನೋಡದಿದ್ದರೆ ಏನೂ ಗೊತ್ತಾಗುವುದಿಲ್ಲ.

ತಪಾಸಕರು ನಮ್ಮ ಬ್ಯಾಂಕ್ ಪತ್ರವನ್ನು ಹೇಗೆ ನೋಡುತ್ತಾರೆ? ಪತ್ರದಲ್ಲಿರುವ ಮೊತ್ತ ತಾಳೆಯಾಗುತ್ತದೆಯೇ ಎಂಬುದು ಅವರಿಗೆ ಕೊನೆಯ ವಿಷಯ, ಏಕೆಂದರೆ ನಕಲಿ ಪತ್ರದಲ್ಲಿ ಮೊತ್ತ ಯಾವತ್ತೂ ತಾಳೆಯಾಗಿಯೇ ಇರುತ್ತದೆ. ಮೊದಲು ಕೇಳುವುದು ರವಾನೆಯ ಪಟ್ಟಿ. ಯಾವ ದಿನ, ಯಾರು, ಯಾವ ವಿಳಾಸಕ್ಕೆ ಕಳಿಸಿದರು? ವಿಳಾಸವನ್ನು ಎಲ್ಲಿಂದ ತಾಳೆ ನೋಡಿದರು? ಉತ್ತರ ಇಮೇಲ್‌ನಲ್ಲಿ ಬಂದಿದ್ದರೆ ಅದು ಬ್ಯಾಂಕಿನ ಡೊಮೈನ್‌ನದೇ, ಅಥವಾ ಯಾರು ಬೇಕಾದರೂ ತೆರೆಯಬಹುದಾದ ಉಚಿತ ಖಾತೆಯದೇ? ಠೇವಣಿಯನ್ನು ಅಡವಿಟ್ಟಿದ್ದಾರೆಯೇ ಎಂದೂ ಪತ್ರದಲ್ಲಿ ಕೇಳಿದ್ದರೇ, ಬರೀ ಬಾಕಿ ಕೇಳಿ ಸುಮ್ಮನಾದರೇ? ಉತ್ತರ ಬಾರದ ಬ್ಯಾಂಕುಗಳ ವಿಷಯದಲ್ಲಿ ಬೇರೇನು ಮಾಡಿದರು? ಆಮೇಲೆ ಕಡತದ ಸಮಯದ ಗುರುತುಗಳು: ಆಡಿಟ್ ಸಂಸ್ಥೆಯ ಪಾಲುದಾರರು ಈ ಹಾಳೆ ನೋಡಿದ್ದು ವರದಿಗೆ ಸಹಿ ಹಾಕುವ ಮೊದಲೋ, ನಂತರವೋ?

ಈ ಕೊನೆಯ ಪ್ರಶ್ನೆಗೆ ಬೆಲೆ ಬರುವುದು ಫೈಲನ್ನು ಬೇಗ ಮುಚ್ಚುವ ನಿಯಮವಿದ್ದಾಗ. ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ವರದಿಯ ದಿನದಿಂದ ಸಾಮಾನ್ಯವಾಗಿ 60 ದಿನದೊಳಗೆ ಅಂತಿಮ ಫೈಲು ಜೋಡಿಸಬೇಕು. ಅಮೆರಿಕದಲ್ಲಿ 45 ದಿನ ಇದ್ದದ್ದನ್ನು 2024ರಲ್ಲಿ ಅಂಗೀಕರಿಸಿದ ಮಾನದಂಡ 14 ದಿನಕ್ಕೆ ಇಳಿಸಿತು. ಗಡುವು ಉದ್ದವಾದಷ್ಟೂ ‘ಆಗ ಮಾಡಿದ್ದೆವು, ಬರೆಯುವುದು ಬಾಕಿ ಇತ್ತು’ ಎಂದು ಹಾಳೆ ಸೇರಿಸುವ ಆಸೆ ಹೆಚ್ಚು. ಹಾಗಾಗಿ ಎರಡು ವ್ಯವಸ್ಥೆ ಹೋಲಿಸುವಾಗ ದಂಡದ ಮೊತ್ತಕ್ಕಿಂತ ಮೊದಲು ಈ ದಿನಗಳ ಸಂಖ್ಯೆ ನೋಡಿ.

ಆವರ್ತನ ಹೀಗಿದೆ. ಅಮೆರಿಕದಲ್ಲಿ 100ಕ್ಕಿಂತ ಹೆಚ್ಚು ಲಿಸ್ಟೆಡ್ ಕಂಪನಿಗಳ ಆಡಿಟ್ ಮಾಡುವ ಸಂಸ್ಥೆಗೆ ಪ್ರತಿ ವರ್ಷ ತಪಾಸಣೆ, ಉಳಿದವರಿಗೆ ಕನಿಷ್ಠ ಮೂರು ವರ್ಷಕ್ಕೊಮ್ಮೆ. ಐರೋಪ್ಯ ಒಕ್ಕೂಟದಲ್ಲಿ, 2016ರ ಜೂನ್ 17ರಿಂದ ಜಾರಿಯಾದ ನಿಯಮದಂತೆ, ಸಾರ್ವಜನಿಕ ಹಿತಾಸಕ್ತಿಯ (ಲಿಸ್ಟೆಡ್, ಬ್ಯಾಂಕ್, ವಿಮೆಯಂಥ) ದೊಡ್ಡ ಕಂಪನಿಗಳ ಆಡಿಟರ್‌ಗಳಿಗೆ ಮೂರು ವರ್ಷ, ಇತರರಿಗೆ ಆರು ವರ್ಷ. ಆರು ವರ್ಷವೆಂದರೆ ತೀರಾ ಉದ್ದ. ಅಷ್ಟರಲ್ಲಿ ತಂಡದವರು ಬೇರೆ ಕೆಲಸ ಹಿಡಿದಿರುತ್ತಾರೆ, ಯಾಕೆ ಹಾಗೆ ಮಾಡಿದಿರಿ ಎಂದು ಕೇಳಲು ಜನವೇ ಸಿಗುವುದಿಲ್ಲ.

ಇನ್ನೊಂದು ಮಾತು. ಯಾವ ಫೈಲು ತೆರೆಯುತ್ತಾರೆ ಎಂಬುದು ಮೊದಲೇ ಗೊತ್ತಾದರೆ ತಪಾಸಣೆ ನಾಟಕ. ಪಿಸಿಎಒಬಿಯಿಂದ ಹೊರಬಂದ ಗುಟ್ಟಿನ ಪಟ್ಟಿಯನ್ನು ಬಳಸಿ ಫೈಲುಗಳನ್ನು ತಿದ್ದಿದ್ದಕ್ಕೆ, ಜೊತೆಗೆ ತರಬೇತಿ ಪರೀಕ್ಷೆಗಳಲ್ಲಿ ನಕಲು ಮಾಡಿದ್ದಕ್ಕೆ, ಅಮೆರಿಕದ ಆಡಿಟ್ ಸಂಸ್ಥೆ ಕೆಪಿಎಂಜಿ 2019ರ ಜೂನ್‌ನಲ್ಲಿ 5 ಕೋಟಿ ಡಾಲರ್ ದಂಡ ಕಟ್ಟಿತು. ನೇರ ಕಾವಲಿನ ಅತ್ಯುತ್ತಮ ಮಾದರಿ ಎನ್ನುವ ಕಡೆಯೇ ಹೀಗಾಯಿತು. ತಪಾಸಕರು ನಾಳೆ ಅದೇ ಆಡಿಟ್ ಸಂಸ್ಥೆಗೆ ಕೆಲಸಕ್ಕೆ ಸೇರುವ ದಾರಿ ತೆರೆದಿದ್ದರೆ ಯಾವ ಬೋರ್ಡೂ ಕಾಪಾಡುವುದಿಲ್ಲ.

ಕಂಡದ್ದನ್ನು ಹೊರಗೆ ಹೇಳುತ್ತಾರೆಯೇ

ಹೂಡಿಕೆದಾರರಿಗೆ ನಮ್ಮ ಮೊದಲ ಸಲಹೆ ಇಲ್ಲಿಂದಲೇ: ಪ್ರಕಟಣೆಯನ್ನು ನೋಡಿ ಆರಿಸಿ.

ಅಮೆರಿಕದ ತಪಾಸಣಾ ವರದಿ ಎರಡು ತುಂಡು. ಒಂದನೇ ಭಾಗದಲ್ಲಿ ಸಾಕಷ್ಟು ಪುರಾವೆ ಇಲ್ಲದೆ ಅಭಿಪ್ರಾಯ ಕೊಟ್ಟ ಆಡಿಟ್‌ಗಳ ವಿವರ ಎಲ್ಲರಿಗೂ ಲಭ್ಯ. ಆದರೆ ಕಂಪನಿಯ ಹೆಸರಿಲ್ಲ, ‘ಕಂಪನಿ ಎ’, ‘ಕಂಪನಿ ಬಿ’ ಎಂದಷ್ಟೇ. ಎರಡನೇ ಭಾಗ ಸಂಸ್ಥೆಯ ಒಟ್ಟು ಗುಣಮಟ್ಟ ವ್ಯವಸ್ಥೆಯ ಟೀಕೆ. 12 ತಿಂಗಳಲ್ಲಿ ತೃಪ್ತಿಕರವಾಗಿ ಸರಿಪಡಿಸಿಕೊಂಡರೆ ಅದು ಎಂದೂ ಹೊರಬರದು. ಹಾಗಾಗಿ ಎರಡನೇ ಭಾಗ ತಡವಾಗಿ ಪ್ರಕಟವಾಯಿತು ಎಂದರೆ ಅದೇ ಒಂದು ದೊಡ್ಡ ಸುದ್ದಿ: ಹೇಳಿದ್ದನ್ನು ಒಂದು ವರ್ಷದಲ್ಲೂ ಸರಿ ಮಾಡಲಿಲ್ಲ ಎಂದರ್ಥ. ಬ್ರಿಟನ್ನಿನಲ್ಲಿ ಪ್ರತಿ ಫೈಲಿಗೂ ದರ್ಜೆ ಇದೆ, ‘ಉತ್ತಮ’ದಿಂದ ‘ಗಣನೀಯ ಸುಧಾರಣೆ ಅಗತ್ಯ’ದವರೆಗೆ ನಾಲ್ಕು. ದೊಡ್ಡ ಸಂಸ್ಥೆಗಳ ಲೆಕ್ಕವನ್ನು ವರ್ಷವರ್ಷ ಪ್ರಕಟಿಸುವುದರಿಂದ ಒಂದರ ಪಕ್ಕ ಒಂದನ್ನು ಇಟ್ಟು ನೋಡಬಹುದು. ಭಾರತದ ಎನ್‌ಎಫ್‌ಆರ್‌ಎ 2023ರ ಕೊನೆಯಿಂದ ದೊಡ್ಡ ಸಂಸ್ಥೆಗಳ ತಪಾಸಣಾ ವರದಿ ಹೊರಗಿಡತೊಡಗಿದೆ. ಶಿಸ್ತು ಆದೇಶಗಳನ್ನಂತೂ ಕಂಪನಿ ಮತ್ತು ಆಡಿಟರ್ ಹೆಸರಿನೊಂದಿಗೆ, ಯಾವ ಮಾನದಂಡ ಎಲ್ಲಿ ಮುರಿಯಿತು ಎಂಬ ವಿವರದೊಂದಿಗೆ ಪ್ರಕಟಿಸುತ್ತದೆ. ವಿವರದ ಮಟ್ಟಿಗೆ ಈ ಆದೇಶಗಳು ಎಲ್ಲಿಯವಕ್ಕೂ ಕಡಿಮೆಯಿಲ್ಲ. ಆಡಿಟ್ ಕಲಿಯುವವರಿಗೆ ಪಠ್ಯದ ಹಾಗಿವೆ.

ಒಂದು ಎಚ್ಚರಿಕೆ. ಹತ್ತು ಫೈಲಿನಲ್ಲಿ ಮೂರರಲ್ಲಿ ಲೋಪ ಸಿಕ್ಕಿದರೆ ಆ ಸಂಸ್ಥೆಯ ಶೇ 30ರಷ್ಟು ಆಡಿಟ್ ಕೆಟ್ಟದ್ದು ಎಂದು ಓದಬಾರದು. ಹೆಚ್ಚಿನ ಫೈಲುಗಳನ್ನು ಅಪಾಯ ನೋಡಿ ಆಯ್ದಿರುತ್ತಾರೆ. ಒಂದು ದೇಶದ ಅಂಕಿಯನ್ನು ಇನ್ನೊಂದು ದೇಶದ್ದರ ಪಕ್ಕ ಇಡುವುದೂ ಕೂಡದು, ‘ಲೋಪ’ ಎಂದರೇನು ಎಂಬುದರ ಅರ್ಥವೇ ಬೇರೆ. ಒಂದೇ ಸಂಸ್ಥೆ, ಒಂದೇ ನಿಯಂತ್ರಕ, ಮೂರು ನಾಲ್ಕು ವರ್ಷದ ಏರಿಳಿತ: ಹೋಲಿಕೆ ಅಷ್ಟಕ್ಕೇ ಸರಿ.

ಬದಲಾಯಿಸುವುದೋ, ಜೋಡಿ ಹಾಕುವುದೋ, ನೇಮಿಸಿಕೊಡುವುದೋ

ಆಡಿಟರ್ ಮತ್ತು ಕಂಪನಿಯ ಸಲಿಗೆ ಮುರಿಯಲು ದೇಶಗಳು ಹಿಡಿದ ದಾರಿಗಳು ಇವು.

ಅಮೆರಿಕ ಸಂಸ್ಥೆಯನ್ನು ಬದಲಾಯಿಸು ಎನ್ನುವುದಿಲ್ಲ. ಸಹಿ ಹಾಕುವ ಪಾಲುದಾರ ಮಾತ್ರ ಐದು ವರ್ಷಕ್ಕೆ ಬದಲಾಗಬೇಕು, ಮತ್ತೆ ಐದು ವರ್ಷ ಆ ಕಂಪನಿಯ ಕಡೆ ತಿರುಗಿ ನೋಡುವ ಹಾಗಿಲ್ಲ. ಐರೋಪ್ಯ ಒಕ್ಕೂಟದಲ್ಲಿ ಸಂಸ್ಥೆಯೇ ಹತ್ತು ವರ್ಷಕ್ಕೆ ಹೊರಡಬೇಕು. ಬಹಿರಂಗ ಟೆಂಡರ್ ಕರೆದರೆ 20, ಇಬ್ಬರು ಆಡಿಟರ್ ಜೊತೆಯಾಗಿ ಮಾಡಿದರೆ 24 ವರ್ಷದವರೆಗೆ ಹಿಗ್ಗಿಸಲು ದೇಶಗಳಿಗೆ ಅವಕಾಶವಿದೆ. ವೈರ್‌ಕಾರ್ಡ್ ನಂತರ, 2021ರ ಕಾಯ್ದೆಯಲ್ಲಿ, ಜರ್ಮನಿ ಆ ಹಿಗ್ಗನ್ನು ತೆಗೆದು ಹತ್ತಕ್ಕೇ ಗೆರೆ ಎಳೆಯಿತು. ಬ್ರಿಟನ್ನಿನಲ್ಲಿ ಹತ್ತಕ್ಕೆ ಟೆಂಡರ್, ಇಪ್ಪತ್ತಕ್ಕೆ ಕಡ್ಡಾಯ ಬದಲಾವಣೆ. ಭಾರತದಲ್ಲಿ 2013ರ ಕಂಪನಿ ಕಾಯ್ದೆಯ 139ನೇ ಸೆಕ್ಷನ್ನಿನಂತೆ ಲಿಸ್ಟೆಡ್ ಮತ್ತು ನಿಗದಿತ ಗಾತ್ರದ ಇತರ ಕಂಪನಿಗಳಲ್ಲಿ ವ್ಯಕ್ತಿಗೆ ಐದು ವರ್ಷ, ಸಂಸ್ಥೆಗೆ ಐದರ ಎರಡು ಅವಧಿ, ಬಳಿಕ ಐದು ವರ್ಷ ಬಿಡುವು.

ಬದಲಾವಣೆಯ ನಿಯಮದಲ್ಲಿ ಸಂದು ಎಲ್ಲಿರುತ್ತದೆ ಎಂದು ತೋರಿಸಿಕೊಟ್ಟದ್ದು ಪರ್ಮಲಾಟ್. ಇಟಲಿಯಲ್ಲಿ ಒಂಬತ್ತು ವರ್ಷದ ಕಡ್ಡಾಯ ಬದಲಾವಣೆ 1970ರ ದಶಕದಿಂದಲೇ ಇತ್ತು. ಅದರಂತೆ 1999ರಲ್ಲಿ ಮುಖ್ಯ ಆಡಿಟರ್ ಬದಲಾದರು ಕೂಡ. ಆದರೆ ಹಳಬರು ಕೆಲವು ಅಂಗಸಂಸ್ಥೆಗಳ ಆಡಿಟ್ ಉಳಿಸಿಕೊಂಡರು, ಆ ನಕಲಿ ಪತ್ರದ ಕೇಮನ್ ಕಂಪನಿ ಅವುಗಳಲ್ಲೊಂದು. ಬಾಗಿಲಿಗೆ ಹೊಸ ಬೀಗ, ಹಿತ್ತಿಲ ಕೀಲಿ ಹಳಬರ ಕೈಯಲ್ಲೇ. ನಿಯಮ ಬರೆಯುವವರು ಮೂರು ಸಂದು ಮುಚ್ಚಬೇಕು: ಅಂಗಸಂಸ್ಥೆಗಳು, ಒಂದೇ ಬ್ರ್ಯಾಂಡಿನ ಜಾಲದ ಬೇರೆ ಹೆಸರಿನ ಸಂಸ್ಥೆಗಳು, ಮತ್ತು ಪಾಲುದಾರರು ತಂಡ ಕಟ್ಟಿಕೊಂಡು ಹೊಸ ಸಂಸ್ಥೆಗೆ ಹಾರುವುದು. ಭಾರತದ ನಿಯಮಗಳು ಕೊನೆಯ ಎರಡನ್ನು ಹೆಸರಿಟ್ಟು ತಡೆಯುತ್ತವೆ.

ಬದಲಾವಣೆಗೆ ಅದರದೇ ಖರ್ಚಿದೆ. ಮೊದಲ ವರ್ಷ ಹೊಸ ಆಡಿಟರ್‌ಗೆ ಕಂಪನಿಯ ಗುಟ್ಟು ಗೊತ್ತಿರುವುದಿಲ್ಲ, ಆರಂಭಿಕ ಬಾಕಿಗಳಿಗೆ ಹಿಂದಿನವರ ಫೈಲನ್ನೇ ನೆಚ್ಚುತ್ತಾರೆ. ಹಳಬರು ನೋಡದ್ದನ್ನು ಹೊಸಬರು ‘ಅವರು ನೋಡಿದ್ದಾರೆ’ ಎಂದು ದಾಟಿಸುವುದು ಇಲ್ಲೇ. ಇನ್ನು ಇಂಥ ನಿಯಮವನ್ನು ಶಾಸನದಲ್ಲೇ ಇಡಬೇಕು. ದಕ್ಷಿಣ ಆಫ್ರಿಕಾದ ನಿಯಂತ್ರಕ ಐಆರ್‌ಬಿಎ ತನ್ನ ನಿಯಮದ ಮೂಲಕ ಹತ್ತು ವರ್ಷದ ಬದಲಾವಣೆಯನ್ನು 2023ರ ಏಪ್ರಿಲ್ 1ರಿಂದ ಜಾರಿಗೆ ತಂದಿತು. ಎರಡು ತಿಂಗಳೊಳಗೆ ಅಲ್ಲಿನ ಮೇಲ್ಮನವಿ ನ್ಯಾಯಾಲಯ, ಇದು ನಿಮ್ಮ ಅಧಿಕಾರ ಮೀರಿದ್ದು ಎಂದು ರದ್ದು ಮಾಡಿತು. ಆ ಹೊತ್ತಿಗೆ ಎಷ್ಟೋ ಕಂಪನಿಗಳು ಆಡಿಟರ್ ಬದಲಾಯಿಸಿ ಮುಗಿಸಿದ್ದವು.

ಫ್ರಾನ್ಸ್ ಜೋಡಿ ಆಡಿಟ್‌ನ ದೇಶ. ಅಂಗಸಂಸ್ಥೆಗಳನ್ನೂ ಸೇರಿಸಿ ಕ್ರೋಡೀಕೃತ ಲೆಕ್ಕಪತ್ರ ಕೊಡುವ ಕಂಪನಿಗೆ ಇಬ್ಬರು ಆಡಿಟರ್, ಇಬ್ಬರ ಸಹಿ, ಜವಾಬ್ದಾರಿಯೂ ಇಬ್ಬರದು. ಒಬ್ಬರ ಕೈಗೆ ಬಂದ ಬ್ಯಾಂಕ್ ಪತ್ರವನ್ನು ಇನ್ನೊಬ್ಬರು ನೋಡುತ್ತಾರೆ ಎಂಬುದು ಆಸೆ. ಕೆಲಸವನ್ನು ಭಾಗ ಮಾಡಿಕೊಂಡು ಅವರ ಭಾಗ ಅವರಿಗೆ ಎಂದಾದರೆ ಪತ್ರ ಇಬ್ಬರ ನಡುವಿನ ಸಂದಿಗೆ ಬೀಳುತ್ತದೆ. ಹಾಗಾಗದಿರಲು ಅಡ್ಡ ಪರಿಶೀಲನೆಯ ದಾಖಲೆ ಬೇಕೇಬೇಕು. ಡೆನ್ಮಾರ್ಕ್ ಇದೇ ಪದ್ಧತಿಯನ್ನು 2005ರಲ್ಲಿ ಕೈಬಿಟ್ಟಿತು. ಜಗತ್ತಿನ ನಾಲ್ಕು ದೊಡ್ಡ ಆಡಿಟ್ ಸಂಸ್ಥೆಗಳ ಕೆಳಗೆ ಗಟ್ಟಿಯಾದ ಎರಡನೇ ಸಾಲಿನ ಸಂಸ್ಥೆಗಳಿಲ್ಲದ ದೇಶಕ್ಕೆ ಜೋಡಿ ಆಡಿಟ್ ಹೇರುವುದು ವ್ಯರ್ಥ ಖರ್ಚು ಎಂಬುದು ನಮ್ಮ ಅಭಿಪ್ರಾಯ.

ಎಲ್ಲಕ್ಕಿಂತ ಧೈರ್ಯದ ಪ್ರಯೋಗ ದಕ್ಷಿಣ ಕೊರಿಯಾದ್ದು. ಲಿಸ್ಟೆಡ್ ಕಂಪನಿ ಆರು ವರ್ಷ ತನಗಿಷ್ಟದ ಆಡಿಟರ್ ಇಟ್ಟುಕೊಳ್ಳಬಹುದು, ಮುಂದಿನ ಮೂರು ವರ್ಷ ನಿಯಂತ್ರಕರು ಹೇಳಿದವರನ್ನೇ ಒಪ್ಪಬೇಕು. 2018ರ ಕಾಯ್ದೆ, 2020ರ ಲೆಕ್ಕವರ್ಷದಿಂದ ನೇಮಕ. ಸಂಬಳ ಕೊಡುವವರೇ ತಪಾಸಕರನ್ನು ಆರಿಸುವ ಮೂಲ ರೋಗಕ್ಕೆ ಕೈ ಹಾಕಿದ್ದು ಇದೊಂದೇ. ಶುಲ್ಕ ಏರಿತು, ನಮ್ಮ ಉದ್ಯಮ ಗೊತ್ತಿಲ್ಲದವರನ್ನು ಕಳಿಸುತ್ತಾರೆ ಎಂಬುದು ಕಂಪನಿಗಳ ದೂರು. ದೂರಿನಲ್ಲಿ ಹುರುಳಿದೆ. ಆದರೆ ಆರನೇ ವರ್ಷದಲ್ಲಿರುವ ಆಡಿಟರ್‌ಗೆ, ಮುಂದಿನ ವರ್ಷ ಸರ್ಕಾರ ಕಳಿಸುವವರು ತನ್ನ ಫೈಲು ತೆರೆಯುತ್ತಾರೆ ಎಂಬ ಅರಿವಿರುತ್ತದೆ. ಆ ಅರಿವಿಗೆ ಬೆಲೆ ಕಟ್ಟುವುದು ಕಷ್ಟ.

ಶಿಕ್ಷೆಯ ಏಣಿ

ದಂಡ ಮತ್ತು ಪೂರ್ಣ ನಿಷೇಧದ ನಡುವೆ ಎಷ್ಟು ಮೆಟ್ಟಿಲಿವೆ ಎಂದು ಎಣಿಸಿ. ಮೆಟ್ಟಿಲಿಲ್ಲದಿದ್ದರೆ ನಿಯಂತ್ರಕರು ಒಂದೋ ಗದರಿಸಿ ಬಿಡುತ್ತಾರೆ, ಇಲ್ಲವೇ ಕೊಂದೇ ಹಾಕುತ್ತಾರೆ.

ಕೊಂದು ಹಾಕಿದ್ದಕ್ಕೆ ಎರಡು ನಿದರ್ಶನ. 2002ರಲ್ಲಿ ಎನ್ರಾನ್‌ನ ಆಡಿಟರ್ ಆರ್ಥರ್ ಆಂಡರ್ಸನ್ ಮೇಲೆ ತೀರ್ಪು ಬಿದ್ದು ಸಂಸ್ಥೆ ಚದುರಿತು. 2005ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಳ್ಳಿಹಾಕಿದಾಗ ಮರಳಿ ಬರಲು ಸಂಸ್ಥೆಯೇ ಇರಲಿಲ್ಲ. ಜಪಾನಿನಲ್ಲಿ ಕನೆಬೊ ಕಂಪನಿಯ ಲೆಕ್ಕ ವಂಚನೆ ಪ್ರಕರಣದ ನಂತರ 2006ರಲ್ಲಿ ಅದರ ಆಡಿಟರ್ ಚುವೊ ಅವೊಯಾಮಾಗೆ ಎರಡು ತಿಂಗಳ ಅಮಾನತು. ಗ್ರಾಹಕರು ಬಿಟ್ಟುಹೋದರು, ಹೆಸರು ಬದಲಿಸಿಕೊಂಡ ಸಂಸ್ಥೆ 2007ರಲ್ಲಿ ಮುಚ್ಚಿತು. ಆಂಡರ್ಸನ್ ಹೋಗಿ ಜಗತ್ತಿನ ದೊಡ್ಡ ಆಡಿಟ್ ಸಂಸ್ಥೆಗಳು ಐದಿದ್ದದ್ದು ನಾಲ್ಕಾದ ಮೇಲೆ ನಿಯಂತ್ರಕರು ನಡುವಿನ ಮೆಟ್ಟಿಲು ಹುಡುಕಿದರು: ಇರುವ ಗ್ರಾಹಕರು ಇರಲಿ, ಹೊಸಬರನ್ನು ತೆಗೆದುಕೊಳ್ಳಬೇಡಿ. ತೋಷಿಬಾ ಪ್ರಕರಣದಲ್ಲಿ 2015ರ ಡಿಸೆಂಬರ್‌ನಲ್ಲಿ ಜಪಾನ್, ತೋಷಿಬಾದ ಆಡಿಟರ್ ಶಿನ್‌ನಿಹೊನ್‌ಗೆ ಸುಮಾರು 210 ಕೋಟಿ ಯೆನ್ ದಂಡದ ಜೊತೆ ಮೂರು ತಿಂಗಳು ಹೊಸ ಗುತ್ತಿಗೆ ನಿಲ್ಲಿಸಿತು. ವೈರ್‌ಕಾರ್ಡ್‌ಗಾಗಿ 2023ರ ಏಪ್ರಿಲ್‌ನಲ್ಲಿ ಜರ್ಮನಿಯ ಆಡಿಟ್ ನಿಯಂತ್ರಕ ಅಪಾಸ್, ಆ ಕಂಪನಿಯ ಆಡಿಟರ್ ಇವೈಗೆ ವಿಧಿಸಿದ ದಂಡ 5 ಲಕ್ಷ ಯೂರೋ. 190 ಕೋಟಿಯ ಮುಂದೆ ಇದು ನಗೆಪಾಟಲು. ನಿಜವಾದ ಪೆಟ್ಟು ಬೇರೆ ಕಡೆ ಇತ್ತು, ಸಾರ್ವಜನಿಕ ಹಿತಾಸಕ್ತಿಯ ಕಂಪನಿಗಳ ಹೊಸ ಆಡಿಟ್ ಎರಡು ವರ್ಷ ಹಿಡಿಯುವಂತಿರಲಿಲ್ಲ. ಚೀನಾ ಇನ್ನೂ ಒಂದು ಮೆಟ್ಟಿಲು ಏರಿತು: ರಿಯಲ್ ಎಸ್ಟೇಟ್ ಕಂಪನಿ ಎವರ್‌ಗ್ರಾಂಡ್‌ನ ಆಡಿಟ್‌ಗಾಗಿ 2024ರ ಸೆಪ್ಟೆಂಬರ್‌ನಲ್ಲಿ ಪಿಡಬ್ಲ್ಯುಸಿಯ (ಪ್ರೈಸ್ ವಾಟರ್‌ಹೌಸ್ ಜಾಲದ) ಚೀನಾ ಸಂಸ್ಥೆಗೆ 44.1 ಕೋಟಿ ಯುವಾನ್ ದಂಡ, ಆರು ತಿಂಗಳು ಅಮಾನತು.

ಭಾರತದ ದಂಡ ಶುಲ್ಕಕ್ಕೆ ಕಟ್ಟಿಹಾಕಿದ್ದು. ವ್ಯಕ್ತಿಗೆ ಕನಿಷ್ಠ 1 ಲಕ್ಷ ರೂಪಾಯಿ, ಗರಿಷ್ಠ ಪಡೆದ ಶುಲ್ಕದ ಐದು ಪಟ್ಟು. ಸಂಸ್ಥೆಗೆ ಗರಿಷ್ಠ ಹತ್ತು ಪಟ್ಟು. ಜೊತೆಗೆ ಆರು ತಿಂಗಳಿಂದ ಹತ್ತು ವರ್ಷದವರೆಗೆ ವೃತ್ತಿ ನಿಷೇಧ. ಸೊನ್ನೆ ಶುಲ್ಕಕ್ಕೆ ಹತ್ತಿರದ ದರದಲ್ಲಿ ಆಡಿಟ್ ಹಿಡಿದು ಬೇರೆ ಸೇವೆಯಲ್ಲಿ ದುಡ್ಡು ಮಾಡುವವರಿಗೆ ಈ ಲೆಕ್ಕ ಹಗುರ. ಆದರೆ ಹತ್ತು ವರ್ಷದ ನಿಷೇಧ ಯಾರಿಗೂ ಹಗುರವಲ್ಲ.

ಮೊತ್ತಕ್ಕಿಂತ ತಡವೇ ಹೆಚ್ಚು ಕಾಡುತ್ತದೆ. ಬ್ರಿಟನ್ನಿನ ನಿರ್ಮಾಣ ಕಂಪನಿ ಕರಿಲಿಯನ್ ಮುಳುಗಿದ್ದು 2018ರ ಜನವರಿ, ಹತ್ತೊಂಬತ್ತು ವರ್ಷ ಅದರ ಆಡಿಟರ್ ಆಗಿದ್ದ ಕೆಪಿಎಂಜಿಗೆ 2.1 ಕೋಟಿ ಪೌಂಡ್ ದಂಡ ಬಿದ್ದದ್ದು 2023ರ ಅಕ್ಟೋಬರ್. ಬೇಗ ಮುಗಿಸಲು ಅವಸರಪಟ್ಟರೆ ನ್ಯಾಯಾಲಯ ಹಿಂದೆ ತಳ್ಳುತ್ತದೆ. 2025ರ ಫೆಬ್ರವರಿಯಲ್ಲಿ ದೆಹಲಿ ಹೈಕೋರ್ಟ್ ಎನ್‌ಎಫ್‌ಆರ್‌ಎ ಅಧಿಕಾರವನ್ನು ಎತ್ತಿಹಿಡಿದರೂ, ಫೈಲಿನಲ್ಲಿ ಲೋಪ ಪಟ್ಟಿ ಮಾಡಿದವರೇ ಶಿಸ್ತು ಕ್ರಮವನ್ನೂ ಶುರುಮಾಡಿದ್ದಾರೆ ಎಂಬ ಕಾರಣಕ್ಕೆ ಷೋಕಾಸ್ ನೋಟಿಸ್‌ಗಳನ್ನು ರದ್ದುಪಡಿಸಿತು. ನಿಯಂತ್ರಕ ಸಂಸ್ಥೆ ಕಟ್ಟುವವರು ತಪಾಸಣೆಗೂ ತೀರ್ಪಿಗೂ ಮೊದಲ ದಿನವೇ ಗೋಡೆ ಹಾಕಬೇಕು. ಆಮೇಲೆ ಹಾಕಿದರೆ ಹಳೆಯ ಪ್ರಕರಣಗಳೆಲ್ಲ ಗೋಡೆಯ ಕೆಳಗೆ ಸಿಕ್ಕಿಕೊಳ್ಳುತ್ತವೆ.

ದುಡ್ಡು ಎಲ್ಲಿಂದ ಬರುತ್ತದೆ ಎಂಬುದನ್ನೂ ಒಂದು ಕ್ಷಣ ನೋಡಿ. ಪಿಸಿಎಒಬಿಗೆ ಕಂಪನಿಗಳು ಮಾರುಕಟ್ಟೆ ಮೌಲ್ಯಕ್ಕೆ ತಕ್ಕಂತೆ ಶುಲ್ಕ ಕಟ್ಟುತ್ತವೆ, ಬಜೆಟ್ಟಿಗೆ ಎಸ್‌ಇಸಿ ಒಪ್ಪಿಗೆ ಬೇಕು. ಬ್ರಿಟನ್ನಿನಲ್ಲಿ ಸ್ವಇಚ್ಛೆಯ ವಂತಿಗೆಯ ಮೇಲೆ ನಿಂತ ವ್ಯವಸ್ಥೆಯನ್ನು 2018ರ ಕಿಂಗ್‌ಮನ್ ವರದಿ ಟೀಕಿಸಿ ಕಡ್ಡಾಯ ಶುಲ್ಕ ಕೇಳಿತು. ಸರ್ಕಾರದ ಅನುದಾನ ನೆಚ್ಚಿದರೆ ಸಿಬ್ಬಂದಿ ಭರ್ತಿಯೇ ತಡ.

ವಂಚನೆ ಕಂಡಾಗ ಯಾರಿಗೆ ಹೇಳಬೇಕು

ಇದು ಚಿಕ್ಕದು, ಆದರೆ ಜನ ಮರೆಯುವಂಥದು. ಭಾರತದಲ್ಲಿ 1 ಕೋಟಿ ರೂಪಾಯಿ ಅಥವಾ ಹೆಚ್ಚಿನ ವಂಚನೆ ಕಂಡರೆ ಆಡಿಟರ್ ಎರಡು ದಿನದಲ್ಲಿ ಆಡಿಟ್ ಸಮಿತಿಗೆ ಅಥವಾ ಮಂಡಳಿಗೆ ತಿಳಿಸಿ, 45 ದಿನದೊಳಗೆ ಉತ್ತರ ಕೇಳಬೇಕು, ಉತ್ತರ ಬಂದ 15 ದಿನದಲ್ಲಿ ಕೇಂದ್ರ ಸರ್ಕಾರಕ್ಕೆ ಕಳಿಸಬೇಕು. ಅಮೆರಿಕದಲ್ಲಿ ವಿಷಯ ಮಂಡಳಿಗೆ ಮುಟ್ಟಿಯೂ ಸರಿಯಾಗದಿದ್ದರೆ, ಆಡಿಟರ್‌ನ ವರದಿ ಬಂದ ಒಂದೇ ಕೆಲಸದ ದಿನದಲ್ಲಿ ಕಂಪನಿ ಎಸ್‌ಇಸಿಗೆ ತಿಳಿಸಬೇಕು, ತಿಳಿಸಲಿಲ್ಲವಾದರೆ ಆಡಿಟರೇ ತಿಳಿಸಬೇಕು. ಒಂದು ಕಡೆ ಮೊತ್ತ ಸ್ಪಷ್ಟ, ಗಡುವು ಉದ್ದ. ಇನ್ನೊಂದು ಕಡೆ ಗಡುವು ಬಿಗಿ, ಅಲ್ಲಿಗೆ ತಲುಪುವ ಮುಂಚಿನ ದಾರಿ ಅಸ್ಪಷ್ಟ.

ಗಡಿ ದಾಟಿದಾಗ

ಅಮೆರಿಕದಲ್ಲಿ ಷೇರು ಲಿಸ್ಟ್ ಆಗಿದ್ದರೆ ಆಡಿಟ್ ಸಂಸ್ಥೆ ಯಾವ ದೇಶದ್ದಾದರೂ ಪಿಸಿಎಒಬಿಯಲ್ಲಿ ನೋಂದಾಯಿಸಬೇಕು, ಫೈಲು ತೋರಿಸಬೇಕು. ಚೀನಾ ಮತ್ತು ಹಾಂಗ್‌ಕಾಂಗ್ ವರ್ಷಗಟ್ಟಲೆ ತೋರಿಸಲಿಲ್ಲ. 2020ರಲ್ಲಿ ಅಮೆರಿಕ ಕಾಯ್ದೆ ತಂದು, ಸತತ ಮೂರು ವರ್ಷ ತಪಾಸಣೆ ಸಾಧ್ಯವಾಗದ ಸಂಸ್ಥೆಯ ಗ್ರಾಹಕರ ಷೇರು ವ್ಯಾಪಾರ ನಿಲ್ಲಿಸುತ್ತೇವೆ ಎಂದಿತು, ಮುಂದೆ ಅದನ್ನು ಎರಡು ವರ್ಷಕ್ಕೆ ಇಳಿಸಿತು. 2022ರ ಆಗಸ್ಟ್‌ನಲ್ಲಿ ಒಪ್ಪಂದವಾಗಿ, ಆ ವರ್ಷದ ಡಿಸೆಂಬರ್‌ನಲ್ಲಿ ಪೂರ್ಣ ಪ್ರವೇಶ ಸಿಕ್ಕಿತು ಎಂದು ಪಿಸಿಎಒಬಿ ಘೋಷಿಸಿತು. ಬೇಡಿಕೊಂಡಾಗ ತೆರೆಯದ ಬಾಗಿಲು ವ್ಯಾಪಾರ ನಿಲ್ಲುತ್ತದೆ ಎಂದಾಗ ತೆರೆಯಿತು.

ಹಾಗಾಗಿ ಎರಡು ಕಡೆ ಲಿಸ್ಟ್ ಆದ ಕಂಪನಿಗೆ ಎರಡು ಕಣ್ಣು. ಒಂದೇ ಕಡೆ ಲಿಸ್ಟ್ ಆಗಿ, ದುಡ್ಡೆಲ್ಲ ಮೂರನೇ ದೇಶದ ಅಂಗಸಂಸ್ಥೆಯಲ್ಲಿರುವ ಕಂಪನಿಗೆ ಕೆಲವೊಮ್ಮೆ ಒಂದೂ ಇಲ್ಲ.

ಹಾಗಾದರೆ ಆರಿಸುವುದು ಹೇಗೆ

ಹೂಡಿಕೆದಾರರು ಆಡಿಟ್ ವರದಿಯ ಕೊನೆಯ ಪುಟದಿಂದ ಶುರುಮಾಡಲಿ. ಸಂಸ್ಥೆಯ ಹೆಸರು, ಸಹಿ ಮಾಡಿದವರ ಹೆಸರು, ಎಷ್ಟನೇ ವರ್ಷ. ಅಮೆರಿಕದಲ್ಲಿ ಪಾಲುದಾರರ ಹೆಸರು 2017ರಿಂದ ಪ್ರತ್ಯೇಕ ನಮೂನೆಯಲ್ಲಿ (ಫಾರ್ಮ್) ಸಿಗುತ್ತದೆ. ಆ ಸಂಸ್ಥೆಯ ಮೇಲಿನ ತಪಾಸಣಾ ವರದಿ, ಶಿಸ್ತು ಆದೇಶ ಹುಡುಕಿ. ಏನೂ ಸಿಗದಿದ್ದರೆ ಆ ದೇಶ ಪ್ರಕಟಿಸುತ್ತದೆಯೇ ಎಂದು ಮೊದಲು ಕೇಳಿ, ಸಂಸ್ಥೆ ಶುದ್ಧ ಎಂದು ಆಮೇಲೆ ತಿಳಿಯಿರಿ. ನಗದು ಬಾಕಿ ದೊಡ್ಡದಿದ್ದು ಬಡ್ಡಿ ಆದಾಯ ಅದಕ್ಕೆ ತಕ್ಕಂತಿಲ್ಲವಾದರೆ ಯಾವ ನಿಯಂತ್ರಕರನ್ನೂ ನೆಚ್ಚಬೇಡಿ.

ನಿಯಮ ರೂಪಿಸುವವರಿಗೆ ನಮ್ಮ ಆದ್ಯತೆ ಹೀಗೆ: ಲಿಸ್ಟೆಡ್ ಕಂಪನಿಗಳಿಗೆ ನೇರ ತಪಾಸಣೆ, ಉಳಿದವಕ್ಕೆ ವೃತ್ತಿ ಸಂಸ್ಥೆ, ನಡುವಿನ ಗಡಿ ರೂಪಾಯಿಯಲ್ಲೋ ಯೂರೋದಲ್ಲೋ ಬರೆದದ್ದು. ಫೈಲು ಮುಚ್ಚುವ ಗಡುವು ಚಿಕ್ಕದು. ವರದಿ ಹೆಸರಿನೊಂದಿಗೆ ಹೊರಗೆ. ಹೊಸ ಗ್ರಾಹಕರನ್ನು ತಡೆಯುವ ಅಧಿಕಾರ ಕಾಯ್ದೆಯಲ್ಲೇ. ಕಡ್ಡಾಯ ಬದಲಾವಣೆಯನ್ನು ಇವುಗಳ ನಂತರ ಇಡುತ್ತೇವೆ. ಅದು ಕಣ್ಣಿಗೆ ಕಾಣುವ ಸುಧಾರಣೆಯಾದ್ದರಿಂದ ರಾಜಕಾರಣಿಗಳಿಗೆ ಇಷ್ಟ, ಆದರೆ ತಪಾಸಣೆ ಇಲ್ಲದ ಕಡೆ ಹೊಸ ಆಡಿಟರ್ ಹಳೆಯ ಪತ್ರವನ್ನೇ ಹೊಸ ಫೈಲಿಗೆ ಹಾಕುತ್ತಾರೆ.

ಆಡಿಟ್ ಸಮಿತಿಯವರು ಹೊಸ ಸಂಸ್ಥೆಯನ್ನು ಆರಿಸುವಾಗ ಶುಲ್ಕದ ಪಟ್ಟಿಗೆ ಮೊದಲು ಮೂರು ಕಾಗದ ಕೇಳಲಿ: ಕಳೆದ ತಪಾಸಣೆಯಲ್ಲಿ ಸಿಕ್ಕ ಲೋಪಗಳು ಮತ್ತು ಅವಕ್ಕೆ ಕೊಟ್ಟ ಉತ್ತರ, ನಮ್ಮ ಆಡಿಟ್‌ಗೆ ಪಾಲುದಾರರು ಕೊಡುವ ಗಂಟೆಗಳು, ವಿದೇಶಿ ಅಂಗಸಂಸ್ಥೆಗಳನ್ನು ಯಾರು ನೋಡುತ್ತಾರೆ ಮತ್ತು ಅವರು ಯಾವ ನಿಯಂತ್ರಕರ ಕೆಳಗೆ. ವರ್ಷದ ಕೊನೆಯಲ್ಲಿ, ವರದಿಗೆ ಸಹಿ ಬೀಳುವ ಮುಂಚಿನ ಸಭೆಯಲ್ಲಿ, ಬ್ಯಾಂಕ್ ಪತ್ರಗಳ ರವಾನೆ ಪಟ್ಟಿಯನ್ನು ಮೇಜಿನ ಮೇಲೆ ತರಿಸಿ. ಎಷ್ಟು ಕಳಿಸಿದಿರಿ, ಎಷ್ಟು ನೇರ ಬಂದವು, ಎಷ್ಟು ನಮ್ಮ ಕಂಪನಿಯ ಸಿಬ್ಬಂದಿಯ ಕೈದಾಟಿ ಬಂದವು? ಮೂರನೇ ಅಂಕಿ ಸೊನ್ನೆ ಅಲ್ಲದಿದ್ದರೆ ಅವನ್ನು ಮತ್ತೆ ಕಳಿಸುವವರೆಗೆ ಸಹಿಯ ದಿನ ಮುಂದೂಡಿ.